ಮೂರು ಪಿಕ್ಸೆಲ್ ಚೆಂಡು: ಹಳೇ ಫುಟ್‌ಬಾಲ್ ರೀಲು, ಕ್ಯಾಸೆಟ್ಟುಗಳ ಮೇಲೆ ಎಐ ಕೆಲಸ

ಮೊದಲು ಒಂದು ಸಣ್ಣ ಲೆಕ್ಕ. ಫುಟ್‌ಬಾಲಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಅಡ್ಡಳತೆ ಸುಮಾರು 22. ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಚಿತ್ರದ ಅಗಲ 720 ಪಿಕ್ಸೆಲ್. ಕ್ಯಾಮೆರಾ ಅರ್ಧ ಮೈದಾನ, ಅಂದರೆ 50 ಮೀಟರಿನಷ್ಟು ಹಿಡಿದಿದೆ ಅಂದುಕೊಳ್ಳಿ. ಮೀಟರಿಗೆ 14 ಪಿಕ್ಸೆಲ್ ಬಂತು. ಚೆಂಡಿನ ಪಾಲಿಗೆ ಮೂರೇ ಮೂರು.

ಜೋರಾಗಿ ಒದ್ದ ಚೆಂಡು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ಸೆಕೆಂಡಿಗೆ 18 ಫ್ರೇಮಿನ ರೀಲಿನಲ್ಲಿ ಅದು ಒಂದು ಫ್ರೇಮಿನಿಂದ ಮುಂದಿನದಕ್ಕೆ ಹೆಚ್ಚುಕಮ್ಮಿ 1.4 ಮೀಟರ್ ಹಾರಿರುತ್ತದೆ, ಅಂದರೆ ತನ್ನ ಅಗಲದ ಆರು ಪಟ್ಟು. ಈ ಫ್ರೇಮಿನಲ್ಲಿ ಇದ್ದ ಜಾಗದಲ್ಲಿ ಹಿಂದಿನ ಫ್ರೇಮಿನಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ. ಧೂಳು ತೆಗೆಯುವ ಸಾಫ್ಟ್‌ವೇರ್ ಧೂಳನ್ನು ಗುರುತಿಸುವುದೂ ಇದೇ ಲಕ್ಷಣದಿಂದ: ಚಿಕ್ಕ ಚುಕ್ಕೆ, ಒಂದೇ ಫ್ರೇಮಿನಲ್ಲಿ ಕಾಣಿಸಿ ಮಾಯ. ಹಾಗಾಗಿ ಎಐಗೆ ಹಳೇ ಮ್ಯಾಚನ್ನು ಹಾಗೇ ಒಪ್ಪಿಸಿದರೆ ಹುಲ್ಲು ಮಿಂಚುತ್ತದೆ, ಜರ್ಸಿ ಮಡಿ ಬಟ್ಟೆಯಂತೆ ಕಾಣುತ್ತದೆ, ಇಪ್ಪತ್ತೆರಡು ಜನ ಇಲ್ಲದ ಚೆಂಡಿನ ಹಿಂದೆ ಓಡುತ್ತಿರುತ್ತಾರೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಈ ಕೆಲಸದ ಮುಕ್ಕಾಲು ಪಾಲು ಶ್ರಮ ಆ ಮೂರು ಪಿಕ್ಸೆಲ್ ಉಳಿಸಿಕೊಳ್ಳುವುದರಲ್ಲೇ ಹೋಗುತ್ತದೆ.

ಕೋಲಾರ ಜಿಲ್ಲೆಯಲ್ಲಿ ಇಂಥ ಸರಕು ಹುಡುಕುವುದಾದರೆ ಮೊದಲ ಜಾಗ ಕೆಜಿಎಫ್. ಗಣಿಯ ಕಾಲದಲ್ಲಿ ಅಲ್ಲಿ ಫುಟ್‌ಬಾಲ್, ಹಾಕಿ ಎರಡೂ ಊರಿನ ಉಸಿರಾಗಿದ್ದವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ರಾಬರ್ಟ್‌ಸನ್‌ಪೇಟೆಯದೋ ಚಾಂಪಿಯನ್ ರೀಫಿನದೋ ಯಾವುದಾದರೂ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಸಿಗಬಹುದಾದದ್ದು ಎರಡು ಬಗೆ: 8 ಇಲ್ಲವೇ 16 ಎಂಎಂ ರೀಲು, ಇಲ್ಲದಿದ್ದರೆ ಎಂಬತ್ತು–ತೊಂಬತ್ತರ ದಶಕದ ವಿಎಚ್‌ಎಸ್ ಕ್ಯಾಸೆಟ್ಟು. ಎರಡರ ದಾರಿಯೂ ಬೇರೆ ಬೇರೆ.

ರೀಲು ಕೈಗೆ ಬಂದರೆ

ಮೊದಲು ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲಂ ಕೊಳೆಯಲು ಶುರುವಾಗಿದೆ ಎಂದರ್ಥ. ಅದು ಕುಗ್ಗುತ್ತದೆ, ಡೊಂಕಾಗುತ್ತದೆ, ಪಕ್ಕದ ರೀಲಿಗೂ ಹಬ್ಬಿಸುತ್ತದೆ. ಅದನ್ನು ಬೇರೆ ಇಡಿ, ಸ್ಕ್ಯಾನಿಂಗಿನಲ್ಲಿ ಅದಕ್ಕೇ ಮೊದಲ ಸರದಿ ಕೊಡಿ. ಹಳೇ ಪ್ರೊಜೆಕ್ಟರಿಗೆ ಹಾಕಿ ‘ಒಂದು ಸಲ ನೋಡಿಬಿಡೋಣ’ ಅನ್ನುವ ಆಸೆ ಬೇಡ. ಕುಗ್ಗಿದ ಫಿಲಮ್ಮಿನ ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದಿಲ್ಲ, ಸಾಲಾಗಿ ಹರಿಯುತ್ತವೆ. 1950ರ ದಶಕಕ್ಕಿಂತ ಹಿಂದಿನ 35 ಎಂಎಂ ಫಿಲಂ ಸಿಕ್ಕಿದರೆ ಅದು ನೈಟ್ರೇಟ್ ಇರಬಹುದು, ಬೆಂಕಿ ಹಿಡಿದರೆ ನೀರಿಗೂ ಆರುವುದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳದೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕೇಳಿ.

ಸ್ಕ್ಯಾನಿಂಗ್ ಫ್ರೇಮ್ ಫ್ರೇಮಾಗಿಯೇ ಆಗಬೇಕು. ಗೋಡೆಯ ಮೇಲೆ ಬಿಟ್ಟು ಮೊಬೈಲಿನಲ್ಲಿ ಹಿಡಿದದ್ದರ ಮೇಲೆ ಯಾವ ಎಐ ಹಾಕಿದರೂ ಅಷ್ಟೇ. ಐವತ್ತು ಅಡಿಯ ಸೂಪರ್ 8 ರೀಲಿನಲ್ಲಿ 3,600 ಫ್ರೇಮ್ ಇರುತ್ತವೆ, 18 ಫ್ರೇಮಿನ ವೇಗದಲ್ಲಿ 3 ನಿಮಿಷ 20 ಸೆಕೆಂಡ್. ನೂರು ಅಡಿಯ 16 ಎಂಎಂ ರೀಲಿನಲ್ಲಿ 4,000 ಫ್ರೇಮ್, 24ರ ವೇಗದಲ್ಲಿ 2 ನಿಮಿಷ 47 ಸೆಕೆಂಡ್. ಬೆಂಗಳೂರಿಗೆ ಸ್ಕ್ಯಾನಿಗೆ ಕೊಡುವಾಗ ನಾಲ್ಕು ಮಾತು ಬರೆದೇ ಕೊಡಿ. 2ಕೆ, ಅಂದರೆ ಸುಮಾರು 2,000 ಪಿಕ್ಸೆಲ್ ಅಗಲ, ಸಾಕು. ಫೈಲು 10 ಬಿಟ್‌ನ ಪ್ರೋರೆಸ್ ಅಥವಾ ಟಿಫ್ ಚಿತ್ರಗಳ ಸಾಲಾಗಿರಲಿ. ಅಂಚಿನ ತೂತೂ ಕಾಣುವಷ್ಟು ಅಗಲಕ್ಕೆ ಹಿಡಿಯಿರಿ. ನಿಮ್ಮ ಕಡೆಯಿಂದ ನಾಯ್ಸ್ (ಚಿತ್ರದಲ್ಲಿ ಜಿನುಗುವ ಕಾಳು) ತೆಗೆಯುವುದು, ಅಲುಗಾಟ ನಿಲ್ಲಿಸುವುದು ಏನೂ ಬೇಡ. ಕೊನೆಯದೇ ಮುಖ್ಯ. ಸ್ಕ್ಯಾನರಿನ ‘ಡಸ್ಟ್ ಬಸ್ಟ್’ ಗುಂಡಿ ಒತ್ತಿ ಚೆಂಡು ಕಳೆದರೆ ಮತ್ತೆ ತರಲಿಕ್ಕಾಗದು.

ಸ್ಕ್ಯಾನ್ ಬಂದಮೇಲೆ ವೇಗ ನೀವೇ ನಿಗದಿ ಮಾಡಬೇಕು, ಫಿಲಮ್ಮಿನ ಮೇಲೆ ಅದು ಬರೆದಿರುವುದಿಲ್ಲ. 16, 18, 24 ಮೂರೂ ಸಾಧ್ಯ. ಫುಟ್‌ಬಾಲಿನಲ್ಲಿ ಇದಕ್ಕೊಂದು ಸುಲಭದ ಅಳತೆಗೋಲು ಇದೆ. ಗೋಲಿನ ಅಡ್ಡಪಟ್ಟಿ ನೆಲದಿಂದ 2.44 ಮೀಟರ್ ಎತ್ತರ. ಅಷ್ಟು ಎತ್ತರದಿಂದ ವಸ್ತು ನೆಲ ಮುಟ್ಟಲು 0.7 ಸೆಕೆಂಡ್ ಬೇಕು. ಗೋಲಿನ ಹತ್ತಿರ ಚೆಂಡು ಪುಟಿದು ಅಡ್ಡಪಟ್ಟಿಯ ಮಟ್ಟಕ್ಕೆ ಏರಿ, ಕ್ಷಣ ನಿಂತು, ಬೀಳುವ ಜಾಗ ಹುಡುಕಿ. ತುದಿಯಿಂದ ನೆಲದವರೆಗೆ ಫ್ರೇಮ್ ಎಣಿಸಿ. 11 ಬಂದರೆ 16ರ ವೇಗ, 13ರ ಆಸುಪಾಸು ಬಂದರೆ 18, 17 ಬಂದರೆ 24. ಮೂರು ನಾಲ್ಕು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಕೀಲಿ ಕೊಟ್ಟು ಓಡಿಸುವ ಕ್ಯಾಮೆರಾಗಳಲ್ಲಿ ಕೀಲಿ ಇಳಿಯುತ್ತಾ ವೇಗ ಬದಲಾಗುವುದೂ ಉಂಟು.

ಗೋಲ್‌ಪೋಸ್ಟು ಇನ್ನೊಂದಕ್ಕೂ ಉಪಯೋಗ. ಅದರ ಅಗಲ 7.32 ಮೀಟರ್, ಎತ್ತರ 2.44, ಸರಿಯಾಗಿ ಮೂರಕ್ಕೊಂದು. ಎದುರಿನಿಂದ ತೆಗೆದ ಶಾಟಿನಲ್ಲಿ ಪಿಕ್ಸೆಲ್ ಅಳೆದಾಗ ಈ ಅನುಪಾತ ಬರದಿದ್ದರೆ ಚಿತ್ರ ಎಲ್ಲೋ ಅಗಲಕ್ಕೆ ಎಳೆದಿದೆ. ಇಂಟರ್ನೆಟ್ಟಿನಲ್ಲಿ ಸಿಗುವ ಹಳೇ ಮ್ಯಾಚುಗಳಲ್ಲಿ ಗೋಲ್‌ಕೀಪರುಗಳೆಲ್ಲ ಕುಳ್ಳ ಪೈಲ್ವಾನರಂತೆ ಕಾಣುವುದು ಈ ತಪ್ಪಿನಿಂದ.

ಅಲುಗಾಟ ನಿಲ್ಲಿಸುವಾಗ ಎರಡು ಅಲುಗಾಟಗಳನ್ನು ಬೇರೆ ಮಾಡಿಕೊಳ್ಳಿ. ಫಿಲಂ ಗೇಟಿನಲ್ಲಿ ನಡುಗಿದ್ದು ಒಂದು, ಕ್ಯಾಮೆರಾ ಹಿಡಿದವರ ಕೈ ಚೆಂಡಿನ ಹಿಂದೆ ಓಡಿದ್ದು ಇನ್ನೊಂದು. ಮೊದಲನೆಯದನ್ನು ಅಂಚಿನ ತೂತು ಆಧಾರವಾಗಿಟ್ಟು ತೆಗೆಯಿರಿ, ಎರಡನೆಯದನ್ನು ಬಿಡಿ. ಅದು ಆಟದ ಭಾಗ. ತೂತು ಕಾಣದ ಸ್ಕ್ಯಾನಾದರೆ ಹಿನ್ನೆಲೆಯ ಸ್ಥಿರ ವಸ್ತುವೇ ಗತಿ. ಕೆಜಿಎಫ್ ದೃಶ್ಯಗಳಲ್ಲಿ ಶಾಫ್ಟಿನ ಕಬ್ಬಿಣದ ಗೋಪುರವೋ ಗಣಿ ಮಣ್ಣಿನ ಸೈನೈಡ್ ದಿಬ್ಬದ ಅಂಚೋ ಸಿಕ್ಕರೆ ಅದಕ್ಕಿಂತ ಒಳ್ಳೆಯ ಗುರುತು ಬೇಡ.

ಧೂಳು ಯಾವುದು, ಚೆಂಡು ಯಾವುದು

ಇಲ್ಲಿ ಅವಸರ ಬೇಡ. ಮನೆಯವರು ತೆಗೆದ 8 ಎಂಎಂ ರೀಲುಗಳು ಬಹುತೇಕ ರಿವರ್ಸಲ್ ಫಿಲಂ, ಕ್ಯಾಮೆರಾದಲ್ಲಿ ಓಡಿದ್ದೇ ತೊಳೆದು ಪಾಸಿಟಿವ್ ಆಗುತ್ತದೆ. ಅದರ ಮೇಲೆ ಕೂತ ಧೂಳು ಬೆಳಕನ್ನು ತಡೆಯುತ್ತದೆ, ತೆರೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಚೆಂಡು ಬಿಳಿ. ಅಂದಮೇಲೆ ಅರ್ಧ ಗೆದ್ದಂತೆ: ಫಿಲ್ಟರಿಗೆ ಕಪ್ಪು ಚುಕ್ಕೆ ಮಾತ್ರ ತೆಗೆಯಲು ಹೇಳಿ. ವೃತ್ತಿಪರ ಸಾಫ್ಟ್‌ವೇರುಗಳಲ್ಲಿ ಈ ಆಯ್ಕೆ ಇರುತ್ತದೆ. ಇಲ್ಲದಿದ್ದರೆ ಶುಚಿ ಮಾಡಿದ ಪದರವನ್ನು ಮೂಲದ ಮೇಲಿಟ್ಟು, ಬ್ಲೆಂಡ್ ಮೋಡ್ ‘ಲೈಟನ್’ ಮಾಡಿ. ಎರಡರಲ್ಲಿ ಯಾವುದು ಬೆಳ್ಳಗಿದೆಯೋ ಅದೇ ಉಳಿಯುತ್ತದೆ, ಅಂದರೆ ಧೂಳು ಹೋಗಿ ಚೆಂಡು ನಿಲ್ಲುತ್ತದೆ.

ನೆಗೆಟಿವಿನಿಂದ ಮಾಡಿದ ಪ್ರಿಂಟಾದರೆ ಕಥೆ ತಿರುವುಮುರುವು. ನೆಗೆಟಿವಿನ ಮೇಲಿನ ಧೂಳು ಪ್ರಿಂಟಿನಲ್ಲಿ ಬಿಳಿ ಚುಕ್ಕೆ, ಅಚ್ಚು ಚೆಂಡಿನ ಹಾಗೆ. ಆಗ ಚಲನೆಯನ್ನೇ ನೋಡಬೇಕು. ಧೂಳಿಗೆ ದಾರಿಯಿಲ್ಲ, ಇಲ್ಲೊಮ್ಮೆ ಅಲ್ಲೊಮ್ಮೆ. ಚೆಂಡಿಗೆ ದಾರಿಯಿದೆ. ಸತತ ಮೂರು ಫ್ರೇಮುಗಳ ಚುಕ್ಕೆಗಳು ಒಂದೇ ಗೆರೆಯಲ್ಲೋ ಮೆಲು ಬಾಗಿನಲ್ಲೋ ಸಮ ಅಂತರದಲ್ಲಿ ಕೂತರೆ ಅದು ಚೆಂಡು. ಪೈಥಾನ್, ಓಪನ್‌ಸಿವಿ ಗೊತ್ತಿದ್ದವರಿಗೆ ಇದು ಒಂದು ಸಂಜೆಯ ಕೆಲಸ: ಫಿಲ್ಟರ್ ಎಲ್ಲೆಲ್ಲಿ ಅಳಿಸಿತು ಎಂದು ತೋರಿಸುವ ಮಾಸ್ಕನ್ನು (ಮುಚ್ಚುಪದರ) ಬೇರೆ ಮಾಡಿಕೊಂಡು, ಮೂರರ ಸಾಲು ಸಿಕ್ಕ ಕಡೆ ಮಾಸ್ಕಿಗೆ ತೂತು ಮಾಡಿ ಮೂಲವನ್ನೇ ಕಾಣಿಸುವುದು. ಕ್ಯಾಮೆರಾ ಅಡ್ಡ ತಿರುಗುತ್ತಿದ್ದರೆ ಆ ತಿರುಗಾಟವನ್ನು ಮೊದಲು ಕಳೆದು ಲೆಕ್ಕ ಹಾಕಬೇಕು. ಕೋಡು ಬರೆಯಲು ಬಾರದವರು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಚೆಂಡಿನ ಸುತ್ತ ಸಣ್ಣ ವೃತ್ತದ ಮಾಸ್ಕಿಟ್ಟು ಕೈಯಾರೆ ಸರಿಸಬಹುದು. ಗಾಳಿಯಲ್ಲಿರುವಾಗ ಐದು ಫ್ರೇಮಿಗೊಂದು ಗುರುತು ಸಾಕು, ಕಾಲಿಂದ ಕಾಲಿಗೆ ಪಾಸಾಗುವಾಗ ಪ್ರತಿ ಫ್ರೇಮಿಗೂ ಬೇಕು. ಬೇಸರದ ಕೆಲಸ. ಆದರೆ ಮಾಡಿದ ಮ್ಯಾಚಿಗೂ ಮಾಡದ ಮ್ಯಾಚಿಗೂ ಇರುವ ವ್ಯತ್ಯಾಸ ಮಗುವಿಗೂ ಕಾಣುತ್ತದೆ.

ಇನ್ನೂ ಹಳೆಯ ಕಪ್ಪು-ಬಿಳುಪು ದೃಶ್ಯಗಳಲ್ಲಿ ಚೆಂಡು ಬಿಳಿಯೂ ಅಲ್ಲ, ಕಂದು ಚರ್ಮದ್ದು. ನಮ್ಮ ಕಡೆಯ ಕೆಂಪು ಮಣ್ಣಿನ ಗ್ರೌಂಡಿನಲ್ಲಿ ಕಂದು ಚೆಂಡು, ಎರಡೂ ಒಂದೇ ಬೂದು ಬಣ್ಣ. ಅಂಥ ಕಡೆ ಧೂಳಿನ ಫಿಲ್ಟರನ್ನು ಮೈದಾನದ ಭಾಗಕ್ಕೆ ಹಾಕಲೇಬಾರದು. ಆಕಾಶಕ್ಕೆ, ಜನರ ಮೇಲೆ ಹಾಕಿ, ನೆಲದ ಮೇಲಿನ ಧೂಳು ಇದ್ದರೆ ಇರಲಿ.

ಕ್ಯಾಸೆಟ್ಟಾದರೆ

ಟೇಪಿನ ಅಂಚಿನಲ್ಲಿ ಬಿಳಿ ಹಿಟ್ಟಿನಂಥದ್ದು ಕಂಡರೆ ಬೂಷ್ಟು. ವಿಸಿಆರಿಗೆ ಹಾಕಿದರೆ ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟುಗಳೂ ಹಾಳು. ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೂ ಓಡಿಸಿ ಹಿಂದಕ್ಕೆ ಸುತ್ತಿ. ಎಸ್-ವಿಡಿಯೋ ಹೊರದಾರಿ ಇರುವ ವಿಸಿಆರ್, ನಡುವೆ ಚಿತ್ರದ ಗೆರೆಗಳ ಬಳುಕು ಸರಿಮಾಡುವ ಟೈಂ ಬೇಸ್ ಕರೆಕ್ಟರ್, ಆಮೇಲೆ ಕ್ಯಾಪ್ಚರ್ ಕಾರ್ಡು. ಕರೆಕ್ಟರ್ ಇಲ್ಲದಿದ್ದರೆ ಗೋಲ್‌ಪೋಸ್ಟಿನ ನೆಟ್ಟಗಿನ ಕಂಬ ಹಾವಿನಂತೆ ಬಳುಕುತ್ತದೆ, ಆ ಬಳುಕನ್ನು ಎಐ ‘ವಿವರ’ ಎಂದುಕೊಂಡು ಇನ್ನಷ್ಟು ಚೂಪು ಮಾಡುತ್ತದೆ. ಉಳಿಸುವುದು ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ರೂಪದಲ್ಲಿ, ನಷ್ಟವಿಲ್ಲದೆ. ಹೀಗೆ ಹಿಡಿದರೆ ಗಂಟೆಗೆ 30ರಿಂದ 35 ಜಿಬಿ ಹಿಡಿಯುತ್ತದೆ. ಕಂಪ್ರೆಸ್ ಮಾಡದಿದ್ದರೆ 75 ಜಿಬಿಯ ಹತ್ತಿರ. ಎಂಪೆಗ್‌ಗೆ ನೇರ ಇಳಿಸುವ ಅಗ್ಗದ ಯುಎಸ್‌ಬಿ ಡಬ್ಬಿಗಳು ಚೌಕಚೌಕವಾಗಿ ಒಡೆಯುವುದು ಎಲ್ಲಕ್ಕಿಂತ ಮೊದಲು ಚೆಂಡಿರುವ ಜಾಗವನ್ನೇ.

ಭಾರತದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಆದರೆ 50 ಫೀಲ್ಡ್, ಅಂದರೆ ಸಾಲು ಬಿಟ್ಟು ಸಾಲು ಹಿಡಿದ ಅರ್ಧ ಚಿತ್ರಗಳು. ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಮ್ಯಾಚಿನಲ್ಲಿ ಪ್ರತಿ ಫೀಲ್ಡೂ ಬೇರೆ ಕ್ಷಣ. ಡಿಇಂಟರ್‌ಲೇಸ್ ಮಾಡಿ (ಫೀಲ್ಡುಗಳನ್ನು ಪೂರ್ಣ ಫ್ರೇಮ್ ಮಾಡಿ) 25 ಫ್ರೇಮಿಗೆ ಇಳಿಸಿದರೆ ಅರ್ಧ ಆಟ ಚೆಲ್ಲಿದಂತೆ, ಚೆಂಡಿನ ದಾರಿಯ ಅರ್ಧ ಬಿಂದುಗಳು ಹೋದಂತೆ. ವೇಪರ್‌ಸಿಂತಿನಲ್ಲೋ ಏವಿಸಿಂತಿನಲ್ಲೋ ಕ್ಯೂಟಿಜಿಎಂಸಿ ಎಂಬ ಡಿಇಂಟರ್‌ಲೇಸ್ ಫಿಲ್ಟರ್ ಹಾಕಿ ಸೆಕೆಂಡಿಗೆ 50 ಪೂರ್ಣ ಫ್ರೇಮ್ ತೆಗೆಯಿರಿ. ಅದರ ಒಳಗಿನ ನಾಯ್ಸ್ ತೆಗೆಯುವ ಆಯ್ಕೆಗಳನ್ನು ಆರಿಸಿಟ್ಟಿರಿ. ಅದು ಕಷ್ಟವೆನಿಸಿದರೆ ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಪರವಾಗಿಲ್ಲ. ಫೀಲ್ಡ್ ಸರದಿ ತಪ್ಪಿದರೆ ಓಡುವವರು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟಂತೆ ನಡುಗುತ್ತಾರೆ. ಡಿವಿ ಟೇಪಾದರೆ ಕೆಳಗಿನ ಫೀಲ್ಡ್ ಮೊದಲು, ಕ್ಯಾಪ್ಚರ್ ಕಾರ್ಡಿನಿಂದ ಬಂದದ್ದಾದರೆ ಸಾಮಾನ್ಯವಾಗಿ ಮೇಲಿನದು ಮೊದಲು. ಫಿಲಮ್ಮಿನಿಂದ ಕ್ಯಾಸೆಟ್ಟಿಗೆ ಇಳಿಸಿದ್ದಾದರೆ ಎರಡು ಫೀಲ್ಡೂ ಹೆಚ್ಚಾಗಿ ಒಂದೇ ಫ್ರೇಮಿನವು. ಅಲ್ಲಿ ಡಿಇಂಟರ್‌ಲೇಸ್ ಅಲ್ಲ, ಫೀಲ್ಡ್ ಮ್ಯಾಚಿಂಗ್ (ಒಂದೇ ಫ್ರೇಮಿನ ಎರಡು ಫೀಲ್ಡನ್ನು ಮತ್ತೆ ಜೋಡಿಸುವುದು) ಬೇಕು.

ಕ್ಯಾಸೆಟ್ಟಿನ ಬಣ್ಣದ ನಾಯ್ಸ್ ಬಲು ಗಲೀಜು. ಆದರೆ ಚೆಂಡು ಇರುವುದು ಬೆಳಕಿನ ಪದರದಲ್ಲಿ, ಬಣ್ಣದ ಪದರದಲ್ಲಿ ಅಲ್ಲ. ಬಣ್ಣಕ್ಕೆ ಜೋರಾಗಿ, ಬೆಳಕಿಗೆ ತೀರಾ ಮೆಲ್ಲಗೆ ನಾಯ್ಸ್ ಫಿಲ್ಟರ್ ಹಾಕಿದರೆ ಮುಕ್ಕಾಲು ಗಲೀಜು ಹೋಗುತ್ತದೆ, ಚೆಂಡಿಗೆ ಏನೂ ಆಗುವುದಿಲ್ಲ. ಇಷ್ಟು ಸುಲಭದ ಉಪಾಯವನ್ನು ಬಿಟ್ಟು ಜನ ನೇರ ಎಐ ಗುಂಡಿ ಒತ್ತುತ್ತಾರೆ.

ದೊಡ್ಡದು ಮಾಡುವಾಗ

ಎರಡು ಪಟ್ಟು ಸಾಕು. 720×576 ಎರಡು ಪಟ್ಟಾದರೆ 1440×1152. ಎತ್ತರವನ್ನು ಮಾತ್ರ 1080ಕ್ಕೆ ಇಳಿಸಿದರೆ 4:3ರ ಅನುಪಾತ ತಾನಾಗಿ ಕೂಡಿಬರುತ್ತದೆ. ನಾಲ್ಕು ಪಟ್ಟಿಗೆ ಹೋದರೆ ಎಐ ಮಾದರಿ ಹೆಚ್ಚು ಊಹಿಸುತ್ತದೆ. ಊಹೆ ಜಾಸ್ತಿಯಾದಷ್ಟೂ ಸುಳ್ಳು ಜಾಸ್ತಿ.

ರಿಯಲ್-ಇಎಸ್‌ಆರ್‌ಗ್ಯಾನ್ ಎಂಬ ಹಿಗ್ಗಿಸುವ ಮಾದರಿ ಸುಲಭಕ್ಕೆ ಸಿಗುತ್ತದೆ, ಆದರೆ ಒಂದೊಂದು ಫ್ರೇಮನ್ನೂ ಒಂಟಿಯಾಗಿ ನೋಡುತ್ತದೆ. ಆದ್ದರಿಂದ ಈ ಫ್ರೇಮಿನಲ್ಲಿ ಕಂಡ ಹುಲ್ಲಿನ ಎಳೆ ಮುಂದಿನದರಲ್ಲಿ ಬೇರೆ, ನೆಲವೆಲ್ಲ ಕುದಿಯುವಂತೆ ಕಾಣುತ್ತದೆ. ಬೇಸಿಕ್‌ವಿಎಸ್‌ಆರ್ ಪ್ಲಸ್ ಪ್ಲಸ್ ಥರದ್ದು ಹಿಂದಿನ ಮುಂದಿನ ಫ್ರೇಮುಗಳನ್ನೂ ನೋಡುತ್ತದೆ, ಚಿತ್ರ ಸ್ಥಿರ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮಾತ್ರ ಜಾಸ್ತಿ ಕೇಳುತ್ತದೆ. 8 ಜಿಬಿ ಕಾರ್ಡಿನವರು ತುಣುಕು ಮಾಡಿ ಓಡಿಸಿ, ತುಣುಕುಗಳ ನಡುವೆ ಐದು ಫ್ರೇಮ್ ಒಂದರ ಮೇಲೊಂದು ಬರಲಿ. ಶಾಟ್ ಬದಲಾಗುವ ಕಡೆ ಕತ್ತರಿಸಲೇಬೇಕು. ಇಲ್ಲದಿದ್ದರೆ ಹಿಂದಿನ ಶಾಟಿನ ಗೋಲ್‌ಕೀಪರ್ ಮುಂದಿನ ಶಾಟಿನ ಜನರ ನಡುವೆ ದೆವ್ವದಂತೆ ನಿಂತಿರುತ್ತಾನೆ. ಕಾಸು ಕೊಟ್ಟು ಟೋಪಾಜ್ ಬಳಸುವವರು ಪ್ರೋಟಿಯಸ್ ಮಾದರಿಯನ್ನು ಮ್ಯಾನ್ಯುಯಲ್‌ಗೆ ಹಾಕಿ, ಶಾರ್ಪನ್ ಕಡಿಮೆ ಇಟ್ಟು, ಮೂಲ ವಿವರ ಮರಳಿಸುವ ಸ್ಲೈಡರನ್ನು ಏರಿಸಿ.

ಯಾವ ಮಾದರಿಯಾದರೂ ಅದರ ಫಲವನ್ನು ನೂರಕ್ಕೆ ನೂರು ತೆಗೆದುಕೊಳ್ಳಬೇಡಿ. ಲ್ಯಾನ್‌ಝೋಸ್‌ನಲ್ಲಿ (ಎಐ ಇಲ್ಲದ ವಿಧಾನ) ಸಾದಾ ಹಿಗ್ಗಿಸಿದ ಪದರ ಕೆಳಗಿಟ್ಟು, ಎಐ ಪದರವನ್ನು 60–70 ಶೇಕಡಾ ಮೇಲಿಡಿ. ಚೆಂಡಿನ ಮಾಸ್ಕಿನೊಳಗೆ ಎಐ ಪಾಲು ಸೊನ್ನೆ. ಇದಕ್ಕೆ ಕಾರಣ ಬರೀ ಅಳಿಸಿಹೋಗುವುದಲ್ಲ. ಇಂದಿನ ಚಿತ್ರಗಳನ್ನು ತಿಂದು ಬೆಳೆದ ಮಾದರಿ ಚೆಂಡನ್ನು ಗುರುತಿಸಿದರೂ ಅಪಾಯವೇ. ಹನ್ನೆರಡು ಕಪ್ಪು ಪಂಚಕೋನ, ಇಪ್ಪತ್ತು ಬಿಳಿ ಷಟ್ಕೋನದ ಟೆಲ್‌ಸ್ಟಾರ್ ಚೆಂಡು ವಿಶ್ವಕಪ್ಪಿಗೆ ಬಂದದ್ದು 1970ರಲ್ಲಿ, ಕಪ್ಪು-ಬಿಳುಪು ಟಿವಿಯಲ್ಲಿ ಚೆನ್ನಾಗಿ ಕಾಣಲೆಂದೇ. ಅದಕ್ಕೂ ಹಿಂದಿನ ಮ್ಯಾಚಿನ ಹತ್ತಿರದ ಶಾಟಿನಲ್ಲಿ ಪಟ್ಟಿಪಟ್ಟಿ ಚರ್ಮದ ಚೆಂಡಿನ ಮೇಲೆ ಕಪ್ಪು ಮಚ್ಚೆಗಳು ಮೂಡಿದರೆ ಅದು ಮಾದರಿಯ ಕೈಚಳಕ.

ಕಾಲಿನ ಕಥೆಯೂ ಇದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1–2ರಿಂದ ಸೋತ ಭಾರತ ತಂಡದ ಹೆಚ್ಚಿನವರು ಆಡಿದ್ದು ಬೂಟಿಲ್ಲದೆ. ಆ ಕಾಲದ ದೃಶ್ಯವನ್ನು ಎಐಗೆ ಕೊಟ್ಟರೆ ಮಸುಕು ಬರಿಗಾಲಿಗೆ ಬೂಟಿನ ಆಕಾರ ಕೊಡುವ ಸಂಭವ ಇದ್ದೇ ಇದೆ. ಚರಿತ್ರೆಯ ಮುಖ್ಯ ಸಾಕ್ಷಿಯೇ ಅಲ್ಲಿಗೆ ಹೋಯಿತು. ಮೊಣಕಾಲಿನಿಂದ ಕೆಳಗಿನ ಭಾಗವನ್ನು ಮೂಲದ ಜೊತೆ ಹೋಲಿಸಿ ನೋಡಿ. ಬೆನ್ನಿನ ನಂಬರುಗಳನ್ನೂ ನೋಡಿ. 3, 6, 8 ಮೂರನ್ನೂ ಮಾದರಿ ಮನಸ್ಸಿಗೆ ಬಂದಂತೆ ಅದಲುಬದಲು ಮಾಡುತ್ತದೆ.

ಮುಖ ಸರಿಮಾಡುವ ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್ ಬೇಡವೇ ಬೇಡ. ಹತ್ತು ಪಿಕ್ಸೆಲ್ ಮುಖಕ್ಕೆ ಅವು ಕಣ್ಣು, ಮೂಗು, ಹಲ್ಲು ಎಲ್ಲ ಕೊಡುತ್ತವೆ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಬರುವ ಮುಖ ಯಾರದ್ದೂ ಅಲ್ಲ. ಅಂದು ಆಡಿದವರು, ಗ್ಯಾಲರಿಯಲ್ಲಿ ಕೂತು ನೋಡಿದವರು ಇಂದಿಗೂ ಇದ್ದಾರೆ. ಹೆಸರು ಗುರುತಿಸಲು ಅವರ ಮುಂದೆ ಇಡಬೇಕಾದದ್ದು ಕಚ್ಚಾ ಸ್ಕ್ಯಾನು, ಎಐ ಮುಗಿಸಿದ್ದಲ್ಲ. ನಡಿಗೆಯಿಂದ, ತಲೆ ಬಾಗಿಸುವ ರೀತಿಯಿಂದ ಅವರು ಗುರುತು ಹಿಡಿಯುತ್ತಾರೆ. ಸುಳ್ಳು ಮುಖ ಎದುರಿಟ್ಟರೆ ‘ಇವನಲ್ಲ’ ಎಂದುಬಿಡುತ್ತಾರೆ.

ಫ್ರೇಮ್ ಹೆಚ್ಚಿಸುವ ರೈಫ್ ಥರದ್ದನ್ನೂ ಕೈಬಿಡಿ. 18ನ್ನು 60 ಮಾಡಲು ಹೊರಟರೆ ನಡುವಿನ ಫ್ರೇಮಿನಲ್ಲಿ ಚೆಂಡು ಒಂದೋ ಇರುವುದಿಲ್ಲ, ಇಲ್ಲವೇ ಎರಡಿರುತ್ತವೆ. ಬಣ್ಣ ಹಚ್ಚುವುದಂತೂ ನಮ್ಮ ಜಿಲ್ಲೆಯ ದೃಶ್ಯಗಳಿಗೆ ಶುದ್ಧ ಅನ್ಯಾಯ. ಫುಟ್‌ಬಾಲ್ ಗ್ರೌಂಡೆಂದರೆ ಹಸಿರು ಎಂದು ಮಾದರಿ ಕಲಿತಿದೆ, ಕೆಜಿಎಫ್‌ನ ಕೆಂಪು ನೆಲಕ್ಕೂ ಹಸಿರು ಬಳಿಯುತ್ತದೆ. ಜರ್ಸಿಯ ಬಣ್ಣ ಕಪ್ಪು-ಬಿಳುಪಿನಿಂದ ಹೊರಡಿಸಲು ಆಗದು. ಕಡುಕೆಂಪು, ಕಡುಹಸಿರು ಎರಡೂ ಒಂದೇ ಬೂದಾಗಬಹುದು.

ಎಷ್ಟು ಹೊತ್ತು ಹಿಡಿಯುತ್ತದೆ? ಐದು ನಿಮಿಷದ ಕ್ಲಿಪ್ಪಿನಲ್ಲಿ, 50ರ ವೇಗದಲ್ಲಿ, 15,000 ಫ್ರೇಮ್. ಕಾರ್ಡು ಸೆಕೆಂಡಿಗೆ ಎರಡು ಫ್ರೇಮ್ ಮಾಡಿದರೆ ಎರಡು ಗಂಟೆ ಚಿಲ್ಲರೆ. ತೊಂಬತ್ತು ನಿಮಿಷದ ಪೂರ್ತಿ ಮ್ಯಾಚು 2,70,000 ಫ್ರೇಮ್, ಮೂವತ್ತೇಳೂವರೆ ಗಂಟೆ. ನಡುವೆ ಕರೆಂಟ್ ಹೋಗದೇ ಇರುತ್ತದೆಯೇ? ಹಾಗಾಗಿ ನೇರ ವಿಡಿಯೋ ಫೈಲಿಗೆ ಬರೆಸಬೇಡಿ. ಪಿಎನ್‌ಜಿ ಚಿತ್ರಗಳ ಸಾಲಾಗಿ ಬರೆಸಿ, ನಿಂತ ನಂಬರಿನಿಂದ ಮುಂದುವರಿಸಬಹುದು. ಮೊದಲೇ ಹತ್ತು ಸೆಕೆಂಡಿನ ಮೂರು ತುಣುಕು ಪರೀಕ್ಷೆಗೆ ಆರಿಸಿಕೊಳ್ಳಿ: ಒಂದು ದೂರದ ಶಾಟು, ಒಂದು ಗೋಲ್‌ಮುಖದ ಗುಂಪು, ಒಂದು ಎತ್ತರಕ್ಕೆ ಒದ್ದ ಚೆಂಡು. ಮೂರರಲ್ಲೂ ಚೆಂಡು ಕೊನೆಯವರೆಗೂ ಕಂಡರೆ ಮಾತ್ರ ಪೂರ್ತಿ ಓಡಿಸಿ.

ಧ್ವನಿ ಇದ್ದರೆ ಅದಕ್ಕೆ ಮಾತಿನ ನಾಯ್ಸ್ ತೆಗೆಯುವ ಎಐ ಹಾಕಬೇಡಿ. ಅದರ ಲೆಕ್ಕದಲ್ಲಿ ಜನರ ಕೂಗೇ ನಾಯ್ಸ್, ರೆಫ್ರಿಯ ಸೀಟಿಯೂ ನಾಯ್ಸ್. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ತೆಗೆದರೆ ಸಾಕು.

ಕೊನೆಗೆ ಎಲ್ಲದರ ಮೇಲೆ ಸ್ವಲ್ಪ ಕಾಳು, ಗ್ರೇನ್, ಸೇರಿಸಿ. ಎಐ ಪದರಕ್ಕೂ ಚೆಂಡಿನ ಸುತ್ತಲಿನ ಮೂಲ ಪದರಕ್ಕೂ ಇರುವ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ. ಯೂಟ್ಯೂಬಿಗೆ ಏರಿಸುವಾಗ 1920×1440ಕ್ಕೆ ಸಾದಾ ಹಿಗ್ಗಿಸಿ ಏರಿಸಿ. ದೊಡ್ಡ ಅಳತೆಗೆ ಅವರು ಹೆಚ್ಚು ಬಿಟ್‌ರೇಟ್ ಕೊಡುತ್ತಾರೆ, ಚೆಂಡು ಉಳಿಯುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಇಷ್ಟೂ ಶ್ರಮ ನೀರುಪಾಲು, ಡಾಕ್ಯುಮೆಂಟ್ ಆಗಿ ಕಳಿಸಿ. ವಿವರಣೆಯಲ್ಲಿ ಯಾವ ಮಾದರಿ, ಎಷ್ಟು ಪಾಲು ಎಂದು ಬರೆಯಿರಿ. ಕಚ್ಚಾ ಸ್ಕ್ಯಾನನ್ನು ಎರಡು ಬೇರೆ ಡ್ರೈವಿನಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಯಲ್ಲಿ ಇಡಿ. ಸ್ಕ್ಯಾನ್ ಆಯಿತೆಂದು ರೀಲನ್ನು ಗುಜರಿಗೆ ಹಾಕಬೇಡಿ. ಗಾಳಿಯಾಡದ ತಗಡಿನ ಡಬ್ಬಿಯಿಂದ ತೆಗೆದು ರಟ್ಟಿನ ಪೆಟ್ಟಿಗೆಗೆ ಹಾಕಿ, ಶೀಟಿನ ಛಾವಣಿಯ ಅಟ್ಟದಿಂದ ಇಳಿಸಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯಲ್ಲಿಡಿ. ಕ್ಯಾಸೆಟ್ಟುಗಳನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ.